ಹೆಸರು ಬಿಟ್ಟರು, ತೋಟ ಬಿಡಲಿಲ್ಲ: ಅಂತಿನೋರಿ ಮನೆತನದ 26 ತಲೆಮಾರು

1971ರ ಸುಗ್ಗಿ. ಇಟಲಿಯ ಫ್ಲಾರೆನ್ಸ್ ನಗರದಿಂದ ದಕ್ಷಿಣಕ್ಕೆ ಹೋದರೆ ಗುಡ್ಡಗಳ ನಾಡೊಂದು ಸಿಗುತ್ತದೆ. ಅದೇ ಕಿಯಾಂತಿ. ಅಲ್ಲಿ ತಿನ್ಯಾನೆಲ್ಲೊ ಎಂಬ ದ್ರಾಕ್ಷಿ ತೋಟ. ಆ ತೋಟದ ಹಣ್ಣಿನಿಂದ ಒಂದು ಮನೆತನದವರು ಕೆಂಪು ವೈನ್ ಮಾಡಿದರು. ತೋಟ ಅವರ ಹೆಮ್ಮೆಯದು. ವೈನ್ ಕೂಡ ಮನಸ್ಸಿಟ್ಟು ಮಾಡಿದ್ದು. ಆದರೆ ಬಾಟಲಿಯ ಲೇಬಲ್ ಮೇಲೆ 'ಕಿಯಾಂತಿ' ಅನ್ನುವ ಮಾತೇ ಇರಲಿಲ್ಲ. ತೋಟದ ಹೆಸರಿನ ಜೊತೆಗೆ 'ವಿನೊ ದ ತಾವೊಲಾ' ಎಂಬ ದರ್ಜೆ ಇತ್ತು. ಅಂದರೆ ಊಟದ ಜೊತೆ ಕುಡಿಯುವ ಸಾದಾ ವೈನ್. ಇಟಲಿಯ ಕಾನೂನಿನಲ್ಲಿ ಅದಕ್ಕಿಂತ ಕೆಳಗಿನ ದರ್ಜೆ ಬೇರೆ ಇರಲಿಲ್ಲ.

ಆ ಮನೆತನದ ಹೆಸರು ಅಂತಿನೋರಿ. ಅಷ್ಟು ಹೊತ್ತಿಗೆ ಅವರು ವೈನ್ ಕಸುಬಿಗೆ ಇಳಿದು ಸುಮಾರು ಆರುನೂರು ವರ್ಷ ಆಗಿತ್ತು. ಇಷ್ಟು ಹಳೆಯ ಮನೆಯವರು ತಮ್ಮ ನಾಡಿನ ಹೆಸರನ್ನೇ ಯಾಕೆ ಬಿಟ್ಟರು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ, ಒಂದು ಮನೆ 26 ತಲೆಮಾರು ಒಂದೇ ಕಸುಬಿನಲ್ಲಿ ಹೇಗೆ ಉಳಿಯಿತು ಅನ್ನುವುದೂ ತಿಳಿಯುತ್ತದೆ. ಈ ಕಥೆಯಲ್ಲಿ ವೈನ್ ಎಷ್ಟಿದೆಯೋ ಅಷ್ಟೇ ಜಮೀನಿನ ಮಾತಿದೆ, ಅಣ್ಣತಮ್ಮಂದಿರ ಪಾಲಿನ ಮಾತಿದೆ, ಹೆಣ್ಣುಮಕ್ಕಳ ಮಾತಿದೆ. ಹಾಗಾಗಿ ವೈನ್ ಮುಟ್ಟದವರೂ ಧಾರಾಳವಾಗಿ ಓದಬಹುದು.

ಗೋಡೆಯಲ್ಲೊಂದು ಕಿಂಡಿ

1385ರಲ್ಲಿ ಜೊವಾನ್ನಿ ದಿ ಪಿಯೆರೊ ಅಂತಿನೋರಿ ಫ್ಲಾರೆನ್ಸಿನ ವೈನ್ ವ್ಯಾಪಾರಿಗಳ ಸಂಘ ಸೇರಿದರು. ಮನೆತನದವರು ತಮ್ಮ ತಲೆಮಾರುಗಳ ಲೆಕ್ಕ ಶುರು ಮಾಡುವುದು ಇಲ್ಲಿಂದಲೇ. ಆಗಿನ ಫ್ಲಾರೆನ್ಸಿನಲ್ಲಿ ಈ ಸಂಘಗಳಿಗೆ ಬಹಳ ಬೆಲೆ. ಒಂದು ಕಸುಬು ಮಾಡಬೇಕು ಅಂದರೆ ಅದರ ಸಂಘದಲ್ಲಿ ಹೆಸರು ಬರೆಸಬೇಕಿತ್ತು. ಒಟ್ಟು 21 ಸಂಘಗಳು. ಅದರಲ್ಲಿ 7 ದೊಡ್ಡವು: ಉಣ್ಣೆ, ರೇಷ್ಮೆ, ಲೇವಾದೇವಿ ಮುಂತಾದವು. ಉಳಿದ 14 ಚಿಕ್ಕವು. ವೈನ್ ವ್ಯಾಪಾರಿಗಳದ್ದು ಈ ಚಿಕ್ಕವುಗಳ ಸಾಲಿನದು. ಯುರೋಪನ್ನು ನಡುಗಿಸಿದ ಮಹಾ ಪ್ಲೇಗ್ ಬಂದುಹೋಗಿ ಆಗ ಇನ್ನೂ ನಲವತ್ತು ವರ್ಷ ತುಂಬಿರಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಆರುನೂರು ವರ್ಷದ ವೈನ್ ಮನೆತನ ಅಂದ ಕೂಡಲೇ, ಆರುನೂರು ವರ್ಷವೂ ಅದೊಂದೇ ಕೆಲಸ ಮಾಡಿಕೊಂಡು ಬಂದವರು ಅಂತ ಅನ್ನಿಸುತ್ತದೆ, ಅಲ್ವಾ? ಹಾಗೇನಿಲ್ಲ. ಅಂತಿನೋರಿಗಳು ರೇಷ್ಮೆ ಮಾರಿದರು, ಸಾಲ ಕೊಟ್ಟರು, ರಾಜಕೀಯ ಮಾಡಿದರು. ಬಂದ ದುಡ್ಡನ್ನು ಹಳ್ಳಿಗಳಲ್ಲಿ ಜಮೀನಿಗೆ ಹಾಕಿದರು. 1506ರಲ್ಲಿ ನಿಕ್ಕೊಲೊ ಎಂಬ ಹಿರಿಯರು ಫ್ಲಾರೆನ್ಸಿನ ನಡುಮಧ್ಯೆ ಅರಮನೆಯಂಥ ಮನೆಯೊಂದನ್ನು ಕೊಂಡರು. ಇವತ್ತಿಗೂ ಅದರ ಹೆಸರು ಪಲಾತ್ಸೊ ಅಂತಿನೋರಿ. ಮುಂದಿನ ಚೌಕಕ್ಕೂ ಅದೇ ಹೆಸರು. ಕಾಲ ಕಳೆದಂತೆ ರೇಷ್ಮೆ ಹೋಯಿತು, ಲೇವಾದೇವಿಯೂ ಹೋಯಿತು. ಜಮೀನು ಉಳಿಯಿತು. ಜಮೀನು ಉಳಿದದ್ದಕ್ಕೆ ವೈನೂ ಉಳಿಯಿತು.

ಫ್ಲಾರೆನ್ಸಿನ ಹಳೆಯ ದೊಡ್ಡ ಮನೆಗಳ ಗೋಡೆಗಳಲ್ಲಿ ಒಂದು ವಿಶೇಷ ಇದೆ. ಬೀದಿಯ ಕಡೆಗೆ, ಸುಮಾರು ಸೊಂಟದ ಎತ್ತರದಲ್ಲಿ ಒಂದು ಪುಟ್ಟ ಕಮಾನಿನ ಕಿಂಡಿ. ಒಂದು ಬಾಟಲಿ ಹಿಡಿದ ಕೈ ತೂರುವಷ್ಟು ಅಗಲ, ಅಷ್ಟೇ. ಜನ ಅದನ್ನು ವೈನ್ ಕಿಂಡಿ ಅನ್ನುತ್ತಾರೆ. ಶ್ರೀಮಂತರು ತಮ್ಮ ಹಳ್ಳಿಯ ತೋಟಗಳಲ್ಲಿ ಆದ ವೈನನ್ನು ಈ ಕಿಂಡಿಯಿಂದ ನೇರವಾಗಿ ದಾರಿಹೋಕರಿಗೆ ಮಾರುತ್ತಿದ್ದರು. ನಡುವೆ ದಲ್ಲಾಳಿ ಇಲ್ಲ, ಅಂಗಡಿ ಇಲ್ಲ. ಗಿರಾಕಿ ಮನೆಯೊಳಗೆ ಕಾಲಿಡುವ ಹಾಗೂ ಇಲ್ಲ. 1630ರ ದಶಕದ ಪ್ಲೇಗಿನಲ್ಲಿ ಇದೇ ಕಿಂಡಿ ಬಹಳ ಉಪಕಾರಕ್ಕೆ ಬಂತು. ಮಾರುವವರು ನಾಣ್ಯವನ್ನು ಕೈಯಲ್ಲಿ ಮುಟ್ಟದೆ ಲೋಹದ ಸಟ್ಟುಗದಂಥದ್ದರಲ್ಲಿ ತೆಗೆದುಕೊಂಡು ವಿನೆಗರಿನಲ್ಲಿ ಅದ್ದುತ್ತಿದ್ದರಂತೆ. 2020ರಲ್ಲಿ ಕೊರೊನಾ ಬಂದಾಗ ಇಂಥ ಕೆಲವು ಕಿಂಡಿಗಳು ಮತ್ತೆ ಬಾಗಿಲು ತೆರೆದವು. ಅಂತಿನೋರಿ ಮನೆಯ ಗೋಡೆಯಲ್ಲೂ ಇಂಥದ್ದೊಂದು ಕಿಂಡಿ ಇದೆ. ಬೆಳೆದವನೇ ಕುಡಿಯುವವನ ಕೈಗೆ ಕೊಡುವ ವ್ಯವಸ್ಥೆ ಇದು. ಈ ಮನೆತನದ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ವಸ್ತು ಈ ಕಿಂಡಿಯೇ.

ಅರ್ಧ ಧಣಿಗೆ, ಅರ್ಧ ಉತ್ತವನಿಗೆ

ದ್ರಾಕ್ಷಿ ಬಳ್ಳಿಯ ಸ್ವಭಾವ ಸ್ವಲ್ಪ ತಿಳಿದುಕೊಂಡರೆ ಮುಂದಿನದ್ದು ಸುಲಭ. ಇಂಥ ತೋಟಗಳಲ್ಲಿ ಹೊಸ ಬಳ್ಳಿ ನೆಟ್ಟರೆ ವೈನಿಗೆ ಆಗುವಂಥ ಹಣ್ಣು ಸಿಗಲು ಮೂರು ನಾಲ್ಕು ವರ್ಷ ಬೇಕು. ಬೇರು ಆಳಕ್ಕೆ ಇಳಿದು ಒಳ್ಳೆಯ ಹಣ್ಣು ಕೊಡಲು ಇನ್ನೂ ಹತ್ತಾರು ವರ್ಷ. ಆಮೇಲೆ ಮೂವತ್ತು ನಲವತ್ತು ವರ್ಷ ಫಸಲು. ಕೆಂಪು ವೈನ್ ಮಾಡಿದ ಮೇಲೂ ಪೀಪಾಯಿಯಲ್ಲಿ, ಬಾಟಲಿಯಲ್ಲಿ ವರ್ಷಗಟ್ಟಲೆ ಇಡಬೇಕು. ಲೆಕ್ಕ ಹಾಕಿ ನೋಡಿ. ಒಬ್ಬ ಮನುಷ್ಯ ತನ್ನ ಜೀವಮಾನದಲ್ಲಿ ಒಂದು ತೋಟವನ್ನು ಒಂದು ಸಲ, ಹೆಚ್ಚೆಂದರೆ ಎರಡು ಸಲ ಹೊಸದಾಗಿ ನೆಡಬಹುದು. ತಪ್ಪು ಮಾಡಿದರೆ ಆ ತಪ್ಪನ್ನು ಅನುಭವಿಸುವವರು ಮಕ್ಕಳು. ಸರಿ ಮಾಡಿದರೂ ಅದರ ಫಲ ಮಕ್ಕಳಿಗೇ. ತೆಂಗು ನೆಟ್ಟವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಹಾಗಾದರೆ ಫ್ಲಾರೆನ್ಸ್, ಕಿಯಾಂತಿ ಎರಡೂ ಇರುವ ಟಸ್ಕನಿ ಪ್ರಾಂತ್ಯದಲ್ಲಿ ತೋಟದ ಕೆಲಸ ಯಾರು ಮಾಡುತ್ತಿದ್ದರು? ಧಣಿಗಳಂತೂ ಅಲ್ಲ. ಶತಮಾನಗಳ ಕಾಲ ಅಲ್ಲಿ ನಡೆದದ್ದು ಮೆತ್ಸಾದ್ರಿಯಾ ಎಂಬ ಪದ್ಧತಿ. ನಮ್ಮಲ್ಲಿ ವಾರಕ್ಕೆ ಮಾಡುವುದು, ಕೋರಿಗೆ ಮಾಡುವುದು ಅನ್ನುತ್ತಾರಲ್ಲ, ಹೆಚ್ಚು ಕಡಿಮೆ ಅದೇ. ಜಮೀನು, ವಾಸದ ಮನೆ ಧಣಿಯದು. ದುಡಿಮೆ ರೈತನ ಇಡೀ ಸಂಸಾರದ್ದು. ಬೆಳೆದದ್ದರಲ್ಲಿ ಅರ್ಧ ಅವನಿಗೆ, ಅರ್ಧ ಇವನಿಗೆ. ರೈತನಿಗೆ ಮೊದಲು ಹೊಟ್ಟೆ ತುಂಬಬೇಕು. ಹಾಗಾಗಿ ಅವನು ಬರೀ ದ್ರಾಕ್ಷಿ ಹಾಕುತ್ತಿರಲಿಲ್ಲ. ಗೋಧಿ ಹೊಲದ ನಡುವೆ ಆಲಿವ್ ಮರ, ಬೇರೆ ಮರಗಳಿಗೆ ಹಬ್ಬಿಸಿದ ದ್ರಾಕ್ಷಿ ಬಳ್ಳಿ. ಎಲ್ಲವೂ ಒಟ್ಟಿಗೆ. ನೋಡಲು ಚಂದ. ಊಟಕ್ಕೂ ಆಗುತ್ತಿತ್ತು. ಆದರೆ ಒಳ್ಳೆಯ ವೈನಿಗೆ ಬೇಕಾದ ಹಣ್ಣು ಇಂಥ ಹೊಲದಲ್ಲಿ ಬರುವುದು ಕಷ್ಟ.

ಆರುನೂರು ವರ್ಷದ ಮನೆತನದ ವೈಭವ ಹೇಳುವವರು ಈ ಅರ್ಧ ಪಾಲಿನ ರೈತರನ್ನು ಬಹಳ ಸಲ ಮರೆತುಬಿಡುತ್ತಾರೆ. ಆ ಪಾಲು ಬರದೆ ಹೋಗಿದ್ದರೆ ಟಸ್ಕನಿಯ ಯಾವ ದೊಡ್ಡ ಮನೆಯೂ ನಿಲ್ಲುತ್ತಿರಲಿಲ್ಲ. ಧಣಿಯ ಹೆಸರು ದಾಖಲೆಯಲ್ಲಿ ಉಳಿಯಿತು. ಬಳ್ಳಿ ಕತ್ತರಿಸಿದವರ ಹೆಸರು ಉಳಿಯಲಿಲ್ಲ.

ಒಂದು ಪಾಕ, ಒಂದು ತಪ್ಪು ಓದು

ಕಿಯಾಂತಿ ಎಂಬ ಹೆಸರಿಗೆ ಮೊದಲು ಗಡಿ ಹಾಕಿದವರು ಟಸ್ಕನಿಯ ದೊರೆ ಮೂರನೇ ಕೊಸಿಮೊ ಮೆದಿಚಿ. 1716ರಲ್ಲಿ ಅವರು, ಇಂತಿಂಥ ಊರುಗಳ ನಡುವೆ ಆದ ವೈನಿಗೆ ಮಾತ್ರ ಈ ಹೆಸರು ಅಂತ ಆಜ್ಞೆ ಹೊರಡಿಸಿದರು. ವೈನಿನ ಹೆಸರನ್ನು ಊರಿಗೆ ಕಟ್ಟಿಹಾಕಿದ ಅತಿ ಹಳೆಯ ಕಾನೂನುಗಳಲ್ಲಿ ಇದೂ ಒಂದು.

ಆದರೆ ಒಳಗೆ ಯಾವ ದ್ರಾಕ್ಷಿ ಇರಬೇಕು ಅನ್ನುವ ಪಾಕವನ್ನು ಬರೆದವರು ಇನ್ನೊಂದು ಮನೆತನದವರು. ಹೆಸರು ಬೆತ್ತಿನೊ ರಿಕಾಸೊಲಿ. ಒಗ್ಗೂಡಿದ ಇಟಲಿಯ ಎರಡನೇ ಪ್ರಧಾನಿ. ಅವರ ಮನೆತನ ಬ್ರೊಲಿಯೊ ಕೋಟೆಗೆ ಬಂದದ್ದು 1141ರಲ್ಲಿ. ಅಂದರೆ ಅಂತಿನೋರಿಗಳಿಗಿಂತ ಹಳಬರು! ರಿಕಾಸೊಲಿ ತಮ್ಮ ತೋಟದಲ್ಲಿ ವರ್ಷಾನುಗಟ್ಟಲೆ ಪ್ರಯೋಗ ಮಾಡಿ, 1872ರಲ್ಲಿ ಒಂದು ಪತ್ರದಲ್ಲಿ ತಾವು ಕಂಡುಕೊಂಡದ್ದನ್ನು ವಿವರಿಸಿದರು. ವೈನಿಗೆ ಪರಿಮಳ ಮತ್ತು ಕಸುವು ಕೊಡುವುದು ಸಾಂಜೊವೇಸೆ ಎಂಬ ಕೆಂಪು ದ್ರಾಕ್ಷಿ. ಅದರ ಒರಟುತನ ಕಡಿಮೆ ಮಾಡುವುದು ಕನಾಯೊಲೊ ಎಂಬ ಇನ್ನೊಂದು ಕೆಂಪು ದ್ರಾಕ್ಷಿ. ಮೂರನೆಯದು ಮಾಲ್ವಾಸಿಯಾ ಎಂಬ ಬಿಳಿ ದ್ರಾಕ್ಷಿ. ಇದನ್ನು ಸೇರಿಸಿದರೆ ವೈನ್ ಹಗುರವಾಗುತ್ತದೆ, ಬೇಗ ಕುಡಿದು ಮುಗಿಸುವ ವೈನಿಗೆ ಸರಿ. ಬಹಳ ಕಾಲ ಇಡುವ ವೈನಿಗೆ ಇದನ್ನು ಸೇರಿಸದಿದ್ದರೇ ಒಳ್ಳೆಯದು.

ಈ ಕೊನೆಯ ಮಾತನ್ನು ನೆನಪಿಡಿ. ಸುಮಾರು ನೂರು ವರ್ಷದ ನಂತರ ಕಾನೂನು ಮಾಡಿದವರು ಇದನ್ನೇ ಮರೆತರು.

ಅದಕ್ಕೆ ಮೊದಲು ಅಂತಿನೋರಿ ಮನೆಯಲ್ಲಿ ಎರಡು ತಲೆಮಾರು ಕೆಲಸ ಮಾಡಿತ್ತು. 19ನೇ ಶತಮಾನದ ಕೊನೆಯಲ್ಲಿ ಲೊದೊವಿಕೊ ಮತ್ತು ಪಿಯೆರೊ ಎಂಬ ಅಣ್ಣತಮ್ಮಂದಿರು ಚದುರಿಹೋಗಿದ್ದ ತೋಟಗಳ ವೈನನ್ನು ಒಂದೇ ಕಡೆ ತಂದರು. ಫ್ಲಾರೆನ್ಸಿನ ಹತ್ತಿರದ ಸಾನ್ ಕಾಶಿಯಾನೊದಲ್ಲಿ ನೆಲಮಾಳಿಗೆ ಕಟ್ಟಿದರು. ಮನೆಯ ಒಂದು ಆದಾಯವಾಗಿದ್ದ ವೈನ್ ಸರಿಯಾದ ಉದ್ಯಮ ಆದದ್ದು ಆಗಲೇ. ತಿನ್ಯಾನೆಲ್ಲೊ ಎಸ್ಟೇಟು ಮನೆಗೆ ಬಂದದ್ದೂ ಅದೇ ಕಾಲದಲ್ಲಿ. ಶಾಂಪೇನ್ ನಾಡಿನಿಂದ ಒಬ್ಬ ಪರಿಣತರನ್ನು ಕರೆಸಿ ನೊರೆಯುವ ವೈನನ್ನೂ ಮಾಡಿಸಿದರು.

ಮುಂದಿನ ತಲೆಮಾರು ಇನ್ನೊಬ್ಬ ನಿಕ್ಕೊಲೊ ಅವರದು. 1924ರಲ್ಲಿ ಇವರು ಟಸ್ಕನಿಯ ವೈನಿಗೆ ಫ್ರಾನ್ಸಿನ ಬೊರ್ಡೊ ಕಡೆಯ ದ್ರಾಕ್ಷಿ ಸೇರಿಸಿ ನೋಡಿದರು. ಊರವರಿಗೆ ಸಿಟ್ಟು ಬಂತು. ನಿಕ್ಕೊಲೊ ತಲೆ ಕೆಡಿಸಿಕೊಳ್ಳಲಿಲ್ಲ. 1928ರಲ್ಲಿ 'ವಿಲ್ಲಾ ಅಂತಿನೋರಿ' ಎಂಬ ಹೆಸರಿನಲ್ಲಿ ಕಿಯಾಂತಿ ತಂದರು. ಕಿಯಾಂತಿಯನ್ನೂ ವರ್ಷಗಟ್ಟಲೆ ಇಡಬಹುದು ಅನ್ನುವುದು ಅವರ ನಂಬಿಕೆ. ಆಗ ಬಹಳ ಜನ ಅದನ್ನು ನಂಬುತ್ತಿರಲಿಲ್ಲ.

ಬಿಳಿ ದ್ರಾಕ್ಷಿಯ ಜಗಳ

ಈಗ ನಮ್ಮ ಪ್ರಶ್ನೆಯ ಹತ್ತಿರ ಬಂದೆವು. 1966ರಲ್ಲಿ ನಿಕ್ಕೊಲೊ ಕೆಲಸವನ್ನು ಮಗ ಪಿಯೆರೊಗೆ ಬಿಟ್ಟುಕೊಟ್ಟರು. ಪಿಯೆರೊ ಹುಟ್ಟಿದ್ದು 1938ರಲ್ಲಿ. ಆಗ ಇನ್ನೂ ಇಪ್ಪತ್ತೆಂಟರ ಹುಡುಗ. ಅದೇ ವರ್ಷ ನವೆಂಬರಿನಲ್ಲಿ ಆರ್ನೊ ನದಿ ಉಕ್ಕಿ ಫ್ಲಾರೆನ್ಸ್ ಮುಳುಗಿತು. ಆದರೆ ತೋಟಗಳಲ್ಲಿ ಬಂದ ಪ್ರವಾಹ ಅದಕ್ಕಿಂತ ದೊಡ್ಡದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅರ್ಧ ಪಾಲಿನ ರೈತರು ಹಳ್ಳಿ ಬಿಟ್ಟು ಕಾರ್ಖಾನೆಗಳ ಕಡೆ ಹೊರಟಿದ್ದರು. ಹೋಗದೆ ಏನು ಮಾಡಿಯಾರು? ಅಲ್ಲಿ ತಿಂಗಳ ಸಂಬಳ, ಇಲ್ಲಿ ಅರ್ಧ ಬೆಳೆ. 1964ರಲ್ಲಿ ಸರ್ಕಾರ ಹೊಸದಾಗಿ ಅರ್ಧ ಪಾಲಿನ ಕರಾರು ಮಾಡುವುದನ್ನೇ ನಿಷೇಧಿಸಿತು. ಶತಮಾನಗಳ ಪದ್ಧತಿ ಒಂದೇ ತಲೆಮಾರಿನಲ್ಲಿ ಮುಗಿಯಿತು.

ಧಣಿಗಳು ಕೂಲಿ ಕೊಟ್ಟು ತೋಟ ನೋಡಿಕೊಳ್ಳಬೇಕಾಯಿತು. ಗೋಧಿ, ಆಲಿವ್ ಬೆರೆತ ಹೊಲಗಳನ್ನು ಅಗೆದು ಟ್ರ್ಯಾಕ್ಟರ್ ಓಡುವಂತೆ ಸಾಲು ಸಾಲಾಗಿ ದ್ರಾಕ್ಷಿ ನೆಟ್ಟರು. ಅವಸರ ಬಹಳ. ಬಹಳ ಕಡೆ ಗುಣ ನೋಡಲಿಲ್ಲ, ಜಾಸ್ತಿ ಹಣ್ಣು ಬಿಡುವ ಬಳ್ಳಿಯೇ ಬೇಕಾಯಿತು. ಅದೇ ಹೊತ್ತಿಗೆ, 1967ರಲ್ಲಿ ಕಿಯಾಂತಿಗೆ ಹೊಸ ಕಾನೂನು ಬಂತು. ಕಿಯಾಂತಿ ಅಂತ ಬರೆಯಬೇಕಾದರೆ ವೈನಿನಲ್ಲಿ ಬಿಳಿ ದ್ರಾಕ್ಷಿ ಇರಲೇಬೇಕು. ಕನಿಷ್ಠ 10 ಪರ್ಸೆಂಟ್, ಗರಿಷ್ಠ 30 ಪರ್ಸೆಂಟ್. ರಿಕಾಸೊಲಿ 'ಬೇಗ ಕುಡಿಯುವ ವೈನಿಗೆ ಮಾತ್ರ' ಅಂದದ್ದು ಈಗ ಎಲ್ಲ ವೈನಿಗೂ ಕಡ್ಡಾಯ ಆಯಿತು. ಬಿಳಿ ದ್ರಾಕ್ಷಿ ಸುಲಭಕ್ಕೆ ಬೆಳೆಯುತ್ತದೆ, ವೈನಿನ ಪ್ರಮಾಣ ಹೆಚ್ಚುತ್ತದೆ. ಬಹಳ ಬೆಳೆಗಾರರಿಗೆ ಅದು ಬೇಕಾಗಿಯೂ ಇತ್ತು. ಆದರೆ ಕೆಂಪು ವೈನಿಗೆ ಬಣ್ಣ ಕೊಡುವುದು, ಒಗರು ಕೊಡುವುದು ಕೆಂಪು ದ್ರಾಕ್ಷಿಯ ಸಿಪ್ಪೆ. ಆ ಒಗರೇ ವೈನನ್ನು ವರ್ಷಗಟ್ಟಲೆ ಕಾಯುತ್ತದೆ. ಅದಕ್ಕೆ ಬಿಳಿ ದ್ರಾಕ್ಷಿ ಬೆರೆಸಿದರೆ ಸಾರಿಗೆ ನೀರು ಹೊಯ್ದ ಹಾಗೆ. ಹುಲ್ಲಿನ ಬುಟ್ಟಿ ಹೆಣೆದ ದುಂಡು ಬಾಟಲಿಯ ಅಗ್ಗದ ಕಿಯಾಂತಿ ಜಗತ್ತಿನ ತುಂಬ ಹರಡಿತು. ಹೆಸರು ಕೆಟ್ಟಿತು.

ಪಿಯೆರೊ ಜೊತೆ ಆಗ ಒಬ್ಬ ಒಳ್ಳೆಯ ವೈನ್ ತಜ್ಞರಿದ್ದರು. ಹೆಸರು ಜಾಕೊಮೊ ತಾಕಿಸ್. 1961ರಿಂದಲೇ ಅಂತಿನೋರಿಯಲ್ಲಿ ಕೆಲಸಕ್ಕಿದ್ದರು. ಇಬ್ಬರೂ ಬೊರ್ಡೊದ ಪ್ರೊಫೆಸರ್ ಎಮಿಲ್ ಪೆಯ್ನೋ ಅವರ ಸಲಹೆ ಕೇಳಿದರು. ಇನ್ನೊಂದು ದಾರಿ ಮನೆಯ ನೆಂಟಸ್ತಿಕೆಯಲ್ಲೇ ಸಿಕ್ಕಿತು. ಪಿಯೆರೊ ಅವರ ತಾಯಿಯ ಒಡಹುಟ್ಟಿದವರ ಗಂಡ ಮಾರಿಯೊ ಇನ್ಚೀಸಾ. ಇವರು ಸಮುದ್ರದ ಹತ್ತಿರದ ಬೊಲ್ಗೆರಿಯಲ್ಲಿ ಫ್ರಾನ್ಸಿನ ಕ್ಯಾಬರ್ನೆ ದ್ರಾಕ್ಷಿ ಬೆಳೆದು ಮನೆ ಮಟ್ಟಿಗೆ ವೈನ್ ಮಾಡಿಕೊಳ್ಳುತ್ತಿದ್ದರು. ಅದೇ ಸಸ್ಸಿಕಾಯ. 1968ರ ಫಸಲಿನಿಂದ ಅದನ್ನು ಪೇಟೆಗೆ ಬಿಟ್ಟಾಗ ನೆರವಾದವರು ಅಂತಿನೋರಿ ಮತ್ತು ತಾಕಿಸ್. ಟಸ್ಕನಿಯ ಮಣ್ಣಿನಲ್ಲಿ ಹೊರಗಿನ ದ್ರಾಕ್ಷಿಯೂ ಚೆನ್ನಾಗಿ ಬರುತ್ತದೆ ಅನ್ನುವುದನ್ನು ಇಬ್ಬರೂ ಕಣ್ಣಾರೆ ಕಂಡರು.

1970ರಲ್ಲಿ ತಿನ್ಯಾನೆಲ್ಲೊ ತೋಟದ ಹಣ್ಣನ್ನು ಮೊದಲ ಸಲ ಬೇರೆಯಾಗಿ ಹುದುಗು ಬರಿಸಿದರು. ಟಸ್ಕನಿಯ ದೊಡ್ಡ ಹಳೆಯ ಪೀಪಾಯಿಗಳ ಬದಲು ಬೊರ್ಡೊದವರಂತೆ ಚಿಕ್ಕ ಓಕ್ ಪೀಪಾಯಿಯಲ್ಲಿಟ್ಟರು. ಒಂದೊಂದು ಸುಮಾರು 225 ಲೀಟರ್ ಹಿಡಿಯುವಂಥದ್ದು. ಪೀಪಾಯಿ ಚಿಕ್ಕದಾದಷ್ಟೂ ವೈನಿಗೆ ಮರ ಜಾಸ್ತಿ ತಗುಲುತ್ತದೆ. ಮರದ ಸಂದಿನಿಂದ ಒಂದಿಷ್ಟು ಗಾಳಿ ಒಳಗೆ ಬರುತ್ತದೆ, ಒಗರು ಹದಕ್ಕೆ ಬರುತ್ತದೆ. ಆ ವರ್ಷ ಇನ್ನೂ ಕಿಯಾಂತಿ ಅನ್ನುವ ಹೆಸರು ಇತ್ತು. ಬಿಳಿ ದ್ರಾಕ್ಷಿ ಬರೀ 5 ಪರ್ಸೆಂಟ್, ಕಾನೂನು ಕೇಳಿದ ಕನಿಷ್ಠದ ಅರ್ಧ. 1971ರಲ್ಲಿ ಕಿಯಾಂತಿ ಹೆಸರನ್ನೇ ಕೈಬಿಟ್ಟರು.

ಆಮೇಲೆ ಆದದ್ದೇ ನನಗೆ ಇಡೀ ಕಥೆಯ ಗಟ್ಟಿ ಭಾಗ. 1972ರಲ್ಲಿ ಆ ವೈನ್ ಮಾಡಲಿಲ್ಲ. 1973ರಲ್ಲೂ ಇಲ್ಲ. 1974ರಲ್ಲೂ ಇಲ್ಲ. ಈ ವೈನನ್ನು ಒಳ್ಳೆಯ ವರ್ಷಗಳಲ್ಲಿ ಮಾತ್ರ ಮಾಡುವುದು ಅಂತ ಅವರದೇ ಕಟ್ಟುಪಾಡು. ಒಂದು ಹೊಸ ವೈನ್, ಹೊಸ ಹೆಸರು, ಕಾನೂನಿನ ಬೆಂಬಲ ಇಲ್ಲ. ಅಂಥದ್ದನ್ನು ಒಂದು ವರ್ಷ ಮಾಡಿ ಮೂರು ವರ್ಷ ಸುಮ್ನೆ ಕೂತರು! ಹತ್ತು ವರ್ಷದಲ್ಲಿ ದುಡ್ಡು ವಾಪಸ್ ಬೇಕು ಅನ್ನುವವರು ಹೀಗೆ ಕಾಯಲಾರರು. 1975ರಲ್ಲಿ ಮತ್ತೆ ಮಾಡಿದಾಗ ಬಿಳಿ ದ್ರಾಕ್ಷಿ ಪೂರ್ತಿ ಹೊರಗೆ. 1982ರ ಹೊತ್ತಿಗೆ ಪಾಕ ನಿಂತಿತು: ಸುಮಾರು 80 ಪರ್ಸೆಂಟ್ ಸಾಂಜೊವೇಸೆ, ಉಳಿದದ್ದು ಕ್ಯಾಬರ್ನೆ ಸೊವಿನ್ಯೊನ್ ಮತ್ತು ಕ್ಯಾಬರ್ನೆ ಫ್ರಾನ್. ಪಕ್ಕದ ತೋಟದ ಕ್ಯಾಬರ್ನೆಯಿಂದ 1978ರಲ್ಲಿ ಸೊಲಾಯ ಎಂಬ ಇನ್ನೊಂದು ವೈನ್ ಹುಟ್ಟಿತು. ಅದರದ್ದು ಮುಂದೆ ತಿರುವುಮುರುವು ಪಾಕ ಆಯಿತು, ಕ್ಯಾಬರ್ನೆ ಜಾಸ್ತಿ, ಸಾಂಜೊವೇಸೆ ಕಡಿಮೆ.

'ಸಾದಾ' ದರ್ಜೆಯ ಈ ವೈನುಗಳು ಕಿಯಾಂತಿಗಿಂತ ಎಷ್ಟೋ ಪಟ್ಟು ಬೆಲೆಗೆ ಮಾರಾಟ ಆದವು. ಇಂಗ್ಲಿಷ್ ಪತ್ರಿಕೆಗಳು ಇವಕ್ಕೆ 'ಸೂಪರ್ ಟಸ್ಕನ್' ಅಂತ ಹೆಸರಿಟ್ಟವು. ಇದರ ಪ್ರಭಾವ ನಮ್ಮ ಪಕ್ಕಕ್ಕೂ ಬಂದಿದೆ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಫ್ರಾಟೆಲ್ಲಿ ಎಂಬ ಕಂಪನಿ ಟಸ್ಕನಿಯ ತಜ್ಞರೊಬ್ಬರ ಕೈಯಲ್ಲಿ ಸಾಂಜೊವೇಸೆ ಬೆಳೆಸಿತು. ಅವರ 'ಸೆತ್ತೆ' ವೈನ್ ಸಾಂಜೊವೇಸೆ ಮತ್ತು ಕ್ಯಾಬರ್ನೆಯ ಬೆರಕೆ. ವಿಜಯಪುರದಿಂದ ಬಹಳ ದೂರವಲ್ಲದ ಊರಿನಲ್ಲಿ ತಿನ್ಯಾನೆಲ್ಲೊದ ಜೋಡಿ!

ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳಬಾರದು ಅಂತ ನಮ್ಮಲ್ಲೊಂದು ಗಾದೆ. ಅಂತಿನೋರಿಗಳು ಈ ಗಾದೆಯನ್ನು ಬದುಕಿ ತೋರಿಸಿದರು ಅಂತ ನನಗನ್ನಿಸುತ್ತದೆ. ಪಾಕ ಬದಲಿಸಿದರು, ಪೀಪಾಯಿ ಬದಲಿಸಿದರು, ಹೆಸರನ್ನೂ ಬಿಟ್ಟರು. ಆದರೆ ಮರ ಕಡಿದು ಸೌದೆ ಮಾಡಿ ಮಾರಲಿಲ್ಲ. ಜಮೀನು ಕೈ ಬಿಡಲಿಲ್ಲ. ಬಿಡುವ ಹತ್ತಿರ ಮಾತ್ರ ಒಂದು ಸಲ ಬಂದಿದ್ದರು.

ಪಾಲು

ಹಳೆಯ ಕಾಲದ ಯುರೋಪಿನ ಶ್ರೀಮಂತ ಮನೆಗಳಲ್ಲಿ ಆಸ್ತಿ ಒಡೆಯದಂತೆ ಕಟ್ಟುಪಾಡು ಇರುತ್ತಿತ್ತು. ಹಿರಿಯ ಮಗನಿಗೆ ಜಮೀನು, ಹೆಣ್ಣುಮಕ್ಕಳಿಗೆ ವರದಕ್ಷಿಣೆ. ಉಳಿದವರಿಗೆ ಚರ್ಚು, ಸೈನ್ಯ. ಅನ್ಯಾಯದ ಪದ್ಧತಿ, ಆದರೆ ಜಮೀನು ಇಡಿಯಾಗಿ ಉಳಿಯುತ್ತಿತ್ತು. ಈಗಿನ ಇಟಲಿಯ ಕಾನೂನಿನಲ್ಲಿ ಎಲ್ಲ ಮಕ್ಕಳಿಗೂ ಪಾಲಿದೆ. ತಂದೆ ಉಯಿಲು ಬರೆದರೂ ಮಕ್ಕಳ ಪಾಲನ್ನು ಪೂರ್ತಿ ತಪ್ಪಿಸುವಂತಿಲ್ಲ. ನ್ಯಾಯವಾದ ಕಾನೂನು. ಆದರೆ ವೈನಿನಂಥ ಉದ್ಯಮಕ್ಕೆ ಇದರಿಂದ ಒಂದು ದೊಡ್ಡ ಸಂಕಟ ಬರುತ್ತದೆ. ಆಸ್ತಿಯ ಬೆಲೆ ಎಲ್ಲ ಮಣ್ಣಿನಲ್ಲಿ, ನೆಲಮಾಳಿಗೆಯಲ್ಲಿ ಕೂತಿರುತ್ತದೆ. ಕೈಯಲ್ಲಿ ನಗದು ಇರುವುದಿಲ್ಲ. ಒಬ್ಬರು ಪಾಲು ಕೇಳಿದರೆ ಕೊಡುವುದಕ್ಕೆ ತೋಟವನ್ನೇ ಮಾರಬೇಕು. ಇಲ್ಲವೇ ಹೊರಗಿನವರ ದುಡ್ಡು ತರಬೇಕು.

1980ರ ದಶಕದಲ್ಲಿ ಅಂತಿನೋರಿಗೂ ಹೊರಗಿನ ದುಡ್ಡು ಬಂತು. ಬ್ರಿಟನ್ನಿನ ವಿಟ್‌ಬ್ರೆಡ್ ಎಂಬ ಬಿಯರ್ ಕಂಪನಿ ಅದರಲ್ಲಿ ಪಾಲು ಕೊಂಡಿತು. ಆರುನೂರು ವರ್ಷದಲ್ಲಿ ಕೈತಪ್ಪುವ ಅಪಾಯ ಇಷ್ಟು ಹತ್ತಿರ ಬಂದದ್ದು ಇದೇ ಇರಬೇಕು. ಬಿಯರ್ ಬೇರೆ ಬಗೆಯ ವ್ಯಾಪಾರ. ಇವತ್ತು ಬೇಯಿಸಿದ್ದು ಕೆಲವೇ ವಾರಗಳಲ್ಲಿ ಅಂಗಡಿಗೆ ಹೋಗುತ್ತದೆ, ದುಡ್ಡು ತಿರುಗುತ್ತದೆ. ಒಳ್ಳೆಯ ವರ್ಷ ಬರುವ ತನಕ ಮಾಡುವುದಿಲ್ಲ ಅನ್ನುವ ವೈನಿನ ಗಡಿಯಾರ ಅಂಥ ಕಂಪನಿಯ ಗಡಿಯಾರಕ್ಕೆ ಹೊಂದುವುದು ಕಷ್ಟ. 1990ರ ದಶಕದ ಆರಂಭದಲ್ಲಿ ಪಿಯೆರೊ ಆ ಪಾಲನ್ನು ಮರಳಿ ಕೊಂಡುಕೊಂಡರು. ಕಂಪನಿ ಮತ್ತೆ ಪೂರ್ತಿ ಮನೆಯದಾಯಿತು.

ಪಿಯೆರೊ ಅವರ ತಮ್ಮ, ಇನ್ನೊಬ್ಬ ಲೊದೊವಿಕೊ ಅವರ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇವರೂ ಸಾಮಾನ್ಯರಲ್ಲ. 1981ರಲ್ಲಿ ಬೊಲ್ಗೆರಿಯಲ್ಲಿ, ತಾಯಿಯ ಕಡೆಯಿಂದ ಬಂದ ಜಮೀನಿನಲ್ಲಿ ಒರ್ನೆಲ್ಲಾಯ ಎಂಬ ತೋಟ ಶುರು ಮಾಡಿದರು. ಅಲ್ಲಿ ಹುಟ್ಟಿದ ಒರ್ನೆಲ್ಲಾಯ ಮತ್ತು ಮಸ್ಸೆತೊ ಇವತ್ತು ಇಟಲಿಯ ಅತಿ ದುಬಾರಿ ವೈನುಗಳ ಸಾಲಿನಲ್ಲಿವೆ. ಆದರೆ ಹೊಸ ತೋಟಕ್ಕೆ ಬಹಳ ಬಂಡವಾಳ ಬೇಕು. ಅಮೆರಿಕದ ಮೊಂಡಾವಿ ಕಂಪನಿ ಪಾಲುದಾರನಾಗಿ ಬಂತು, ಆಮೇಲೆ ಮಾಲೀಕನಾಯಿತು. 2005ರಲ್ಲಿ ಒರ್ನೆಲ್ಲಾಯ ಪೂರ್ತಿಯಾಗಿ ಫ್ರೆಸ್ಕೊಬಾಲ್ಡಿ ಕೈಗೆ ಹೋಯಿತು. ಫ್ರೆಸ್ಕೊಬಾಲ್ಡಿ ಅಂದರೆ ಫ್ಲಾರೆನ್ಸಿನ ಇನ್ನೊಂದು ಶತಮಾನಗಳ ವೈನ್ ಮನೆತನ! ತಾಯಿಯ ಕಡೆಯ ಜಮೀನಿನಲ್ಲಿ ಪಿಯೆರೊ ಉಳಿಸಿಕೊಂಡ ಗ್ವಾದೊ ಅಲ್ ತಾಸ್ಸೊ ಇನ್ನೂ ಅಂತಿನೋರಿಗಳದೇ. ವೈನಿನ ರುಚಿಯಲ್ಲಿ ಅಣ್ಣತಮ್ಮಂದಿರಿಬ್ಬರೂ ಗೆದ್ದರು. ತೋಟ ಉಳಿದದ್ದು ಮಾತ್ರ ಒಬ್ಬರ ಮನೆಯಲ್ಲಿ.

ಇನ್ನೊಂದು ಉದಾಹರಣೆ ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್. 1976ರಲ್ಲಿ ಪ್ಯಾರಿಸಿನಲ್ಲಿ ನಡೆದ ಹೆಸರಾಂತ ರುಚಿ ಸ್ಪರ್ಧೆಯಲ್ಲಿ ಇವರ ಕೆಂಪು ವೈನ್ ಫ್ರಾನ್ಸಿನವರನ್ನೇ ಸೋಲಿಸಿತ್ತು. 1970ರಲ್ಲಿ ಅದನ್ನು ಕಟ್ಟಿದವರೇ 2007ರಲ್ಲಿ ಮಾರಿದರು. ಕೊಂಡವರು ಅಮೆರಿಕದ ಒಂದು ಕಂಪನಿ ಮತ್ತು ಅಂತಿನೋರಿ, ಜೊತೆಯಾಗಿ. 2023ರಲ್ಲಿ ಅದು ಪೂರ್ತಿಯಾಗಿ ಅಂತಿನೋರಿಗಳದಾಯಿತು.

ಮೂವರು ಹೆಣ್ಣುಮಕ್ಕಳು

ಪಿಯೆರೊಗೆ ಗಂಡುಮಕ್ಕಳಿಲ್ಲ. ಅಲ್ಬಿಯೆರಾ, ಅಲ್ಲೆಗ್ರಾ, ಅಲೆಸ್ಸಿಯಾ ಎಂಬ ಮೂವರು ಹೆಣ್ಣುಮಕ್ಕಳು. 25 ತಲೆಮಾರು ಗಂಡಸರ ಕೈಯಿಂದ ಗಂಡಸರ ಕೈಗೆ ಬಂದ ಮನೆ ಇದು. ಹಳೆಯ ಕಾಲವಾಗಿದ್ದರೆ ಇವರನ್ನು ವರದಕ್ಷಿಣೆ ಕೊಟ್ಟು ಕಳಿಸಿ, ದೂರದ ಗಂಡು ನೆಂಟರೊಬ್ಬರನ್ನು ಹುಡುಕುತ್ತಿದ್ದರೇನೋ. ಹಾಗಾಗಲಿಲ್ಲ. ಮೂವರೂ ತೋಟ, ನೆಲಮಾಳಿಗೆ, ಮಾರಾಟ, ಹೋಟೆಲು ಅಂತ ಕೆಲಸ ಕಲಿತರು. 2016ರಲ್ಲಿ ಅಲ್ಬಿಯೆರಾ ಕಂಪನಿಯ ಅಧ್ಯಕ್ಷೆಯಾದರು. ಪಿಯೆರೊ ಗೌರವ ಅಧ್ಯಕ್ಷರಾದರು. ಮುಂದೆ ಯಾರೋ ಒಬ್ಬರು ಪಾಲು ಮಾರಿ ಹೊರಟುಬಿಡುವಂತೆ ಆಗಬಾರದು ಅಂತ ಕಂಪನಿಯನ್ನು ಟ್ರಸ್ಟಿನ ಕೆಳಗೆ ತಂದರು. ಹಳೆಯ ಕಾಲದ ಕಟ್ಟುಪಾಡು ಹೆಣ್ಣುಮಕ್ಕಳನ್ನು ಹೊರಗಿಟ್ಟು ಜಮೀನು ಉಳಿಸಿತ್ತು. ಈ ಏರ್ಪಾಡಿನಲ್ಲಿ ಅವರೇ ಮನೆಯ ಯಜಮಾನಿಯರು.

ದಿನದಿನದ ಆಡಳಿತ ಮಾತ್ರ ಮನೆಯವರದಲ್ಲ. ಅದನ್ನು ನಡೆಸಿದವರು ರೆನ್ಸೊ ಕೊತಾರೆಲ್ಲಾ, ದಶಕಗಳಿಂದ ಜೊತೆಗಿದ್ದ ವೈನ್ ತಜ್ಞರು. ಇದು ಬಹಳ ಮುಖ್ಯ ಅಂತ ನನಗನ್ನಿಸುತ್ತದೆ. ಮೊದಲು ತಾಕಿಸ್, ಆಮೇಲೆ ಕೊತಾರೆಲ್ಲಾ. ರಕ್ತಸಂಬಂಧ ಇಲ್ಲದವರ ಕೈಗೆ ರುಚಿಯ ಜವಾಬ್ದಾರಿ ಕೊಟ್ಟು, ಮನೆಯವರು ಜಮೀನಿನ ಜವಾಬ್ದಾರಿ ಹೊತ್ತರು.

2012ರಲ್ಲಿ ಬಾರ್ಜಿನೊ ಎಂಬಲ್ಲಿ ಹೊಸ ವೈನ್ ಕಟ್ಟಡ ತೆರೆಯಿತು. ದೂರದಿಂದ ನೋಡಿದರೆ ಕಟ್ಟಡ ಕಾಣಿಸುವುದೇ ಇಲ್ಲ. ಗುಡ್ಡದ ಮೈಮೇಲೆ ಎರಡು ಉದ್ದನೆಯ ಸೀಳು ಕಾಣುತ್ತವೆ, ಅಷ್ಟೇ. ಇಡೀ ಕಟ್ಟಡ ಗುಡ್ಡದೊಳಗಿದೆ. ಚಾವಣಿಯ ಮೇಲೆ ದ್ರಾಕ್ಷಿ ಬಳ್ಳಿ ನೆಟ್ಟಿದ್ದಾರೆ. ಹಣ್ಣು ಮೇಲಿನಿಂದ ಒಳಗೆ ಬರುತ್ತದೆ, ಅಲ್ಲಿಂದ ತನ್ನ ಭಾರಕ್ಕೇ ಕೆಳಗಿನ ತೊಟ್ಟಿಗಳಿಗೆ ಇಳಿಯುತ್ತದೆ. ಪಂಪು ಹಾಕಿ ಹಿಂಡುವ ಕೆಲಸ ಕಡಿಮೆ. ಕೆಳಗೆ ಸುಟ್ಟ ಮಣ್ಣಿನ ಕಮಾನುಗಳ ಅಡಿಯಲ್ಲಿ ಪೀಪಾಯಿಗಳ ಸಾಲು. ಸುತ್ತಲಿನ ಮಣ್ಣೇ ಅವನ್ನು ತಂಪಾಗಿಡುತ್ತದೆ. ಈ ಜಾಗದ ಹೆಸರು 'ಅಂತಿನೋರಿ ನೆಲ್ ಕಿಯಾಂತಿ ಕ್ಲಾಸಿಕೊ'. ಕಿಯಾಂತಿ ಕ್ಲಾಸಿಕೊ ಅಂದರೆ ಕಿಯಾಂತಿಯ ಹಳೆಯ ಮೂಲ ಭಾಗ. ಅಲ್ಲಿರುವ ಅಂತಿನೋರಿ ಅಂತ ಇದರ ಅರ್ಥ.

ಹೌದು, ಬಿಟ್ಟಿದ್ದ ಹೆಸರೇ. ಏಕೆಂದರೆ ಅಷ್ಟರಲ್ಲಿ ಕಾನೂನೂ ಬದಲಾಗಿತ್ತು. 1984ರಲ್ಲಿ ಬಿಳಿ ದ್ರಾಕ್ಷಿಯ ಕಡ್ಡಾಯ ಪ್ರಮಾಣ ಬಹಳ ಇಳಿಯಿತು. 1992ರಲ್ಲಿ ಇಂಥ ವೈನುಗಳಿಗೆಂದೇ 'ಐಜಿಟಿ' ಎಂಬ ಹೊಸ ದರ್ಜೆ ಬಂತು, ಸಾದಾ ವೈನ್ ಅಂತ ಬರೆದುಕೊಳ್ಳುವುದು ತಪ್ಪಿತು. 1996ರಲ್ಲಿ ಬರೀ ಸಾಂಜೊವೇಸೆಯಿಂದಲೂ ಕಿಯಾಂತಿ ಕ್ಲಾಸಿಕೊ ಮಾಡಬಹುದು ಅಂತಾಯಿತು. 2006ರಿಂದ ಕಿಯಾಂತಿ ಕ್ಲಾಸಿಕೊದಲ್ಲಿ ಬಿಳಿ ದ್ರಾಕ್ಷಿ ಹಾಕುವುದೇ ನಿಷೇಧ. ಈಗಿನ ನಿಯಮ ಕನಿಷ್ಠ 80 ಪರ್ಸೆಂಟ್ ಸಾಂಜೊವೇಸೆ ಕೇಳುತ್ತದೆ. ಉಳಿದ 20ರಲ್ಲಿ ಬೇರೆ ಕೆಂಪು ದ್ರಾಕ್ಷಿ ಇರಬಹುದು, ಕ್ಯಾಬರ್ನೆ ಕೂಡ. ತಿನ್ಯಾನೆಲ್ಲೊದ ಪಾಕ ಇದಕ್ಕೆ ಹೊಂದುತ್ತದೆ. ತೋಟವೂ ಕಿಯಾಂತಿ ಕ್ಲಾಸಿಕೊದ ಗಡಿಯೊಳಗೇ ಇದೆ.

ಆದರೂ ಇವತ್ತು ಒಂದು ತಿನ್ಯಾನೆಲ್ಲೊ ಬಾಟಲಿ ಎತ್ತಿ ನೋಡಿದರೆ ಲೇಬಲ್ ಮೇಲೆ ಕಿಯಾಂತಿ ಅಂತ ಇರುವುದಿಲ್ಲ. ಇರುವುದು ನಾಡಿನ ಹೆಸರು ತೊಸ್ಕಾನಾ, ಮನೆಯ ಹೆಸರು, ಮತ್ತು ಎಲ್ಲಕ್ಕಿಂತ ದೊಡ್ಡದಾಗಿ ತೋಟದ ಹೆಸರು.